ಎಷ್ಟು ಮೆಟ್ಟಿಲು ಇವೆ? ಬೀದರಿನಿಂದ ಮಸೂರಿಗೆ ಐದು ದಿನ

ಅವ್ವನಿಗೆ ಈಗ ಎಪ್ಪತ್ತೊಂದು. ಮೊಣಕಾಲು ನೋವು ಬಿಟ್ಟರೆ ಗಟ್ಟಿ ಇದ್ದಾಳೆ. ಒಮ್ಮೆ ಹಿಮದ ಬೆಟ್ಟ ನೋಡಬೇಕು ಅಂತ ಆಕೆ ಹೇಳುತ್ತಲೇ ಬಂದಿದ್ದಳು, ನಾವು ಮುಂದಿನ ವರ್ಷ ಅನ್ನುತ್ತಲೇ ಬಂದಿದ್ದೆವು. ಈ ಸಲ ಬೀದರಿನ ಬಿಸಿಲು ಇಳಿಯುವ ಮೊದಲೇ ನಿರ್ಧಾರ ಮಾಡಿಬಿಟ್ಟೆ.

ಮನೆಯಲ್ಲಿ ವಿಷಯ ಎತ್ತಿದ ಕೂಡಲೇ ಎಲ್ಲರದೂ ಒಂದೊಂದು ಪಟ್ಟಿ ಬಂತು. ಭಾವ ಫೋನ್ ಮಾಡಿ, ಏಳು ದಿನದಲ್ಲಿ ಶಿಮ್ಲಾ, ಕುಲು, ಮನಾಲಿ ಮುಗಿಸಿ ಬರುವಾಗ ಚಂಡೀಗಢವನ್ನೂ ನೋಡಬಹುದು ಅಂದರು. ಮಗಳಿಗೆ ಋಷಿಕೇಶ ಬೇಕು. ಮಗ ಆರನೇ ತರಗತಿ, ಅವನಿಗೆ ಹಿಮದಲ್ಲಿ ಆಡಬೇಕು. ನಾನು ಒಂದು ಹಾಳೆ ತೆಗೆದುಕೊಂಡು ಗಾಡಿಯಲ್ಲಿ ಕೂರುವ ತಾಸುಗಳನ್ನು ಮಾತ್ರ ಕೂಡಿಸಿದೆ. ಶಿಮ್ಲಾದಿಂದ ಮನಾಲಿಗೇ ಸುಮಾರು 250 ಕಿಲೋಮೀಟರ್, ಅದೂ ಬೆಟ್ಟದ ದಾರಿ, ಅಂದರೆ ಒಂದು ಹಗಲು ಪೂರ್ತಿ ಹೋಯಿತು. ಅವ್ವ ಪಕ್ಕದಲ್ಲೇ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. "ನಾ ಗುಡ್ಡ ನೋಡ್ಲಿಕ್ಕ ಬರ್ತೀನೋ, ಗಾಡ್ಯಾಗ ಕುಂದರ್ಲಿಕ್ಕ ಬರ್ತೀನೋ?" ಅಂತ ಕೇಳಿದಳು.

ಅಲ್ಲಿಗೆ ಪಟ್ಟಿ ಹರಿಯಿತು. ಒಂದೇ ಊರು, ನಾಲ್ಕು ರಾತ್ರಿ, ದಿನಕ್ಕೆ ಒಂದೇ ಕೆಲಸ. ಊರು ಉತ್ತರಾಖಂಡದ ಮಸೂರಿ.

ಮಸೂರಿ ಯಾಕೆ ಅಂದರೆ, ವಿಮಾನ ಇಳಿಯುವ ಜಾಗದಿಂದ ಅದು ಹತ್ತಿರ. ಡೆಹ್ರಾಡೂನ್‌ನ ಜಾಲಿ ಗ್ರಾಂಟ್ ವಿಮಾನ ನಿಲ್ದಾಣದಿಂದ ಸುಮಾರು 60 ಕಿಲೋಮೀಟರ್. ಊರಿನ ಎತ್ತರ ಸುಮಾರು 2000 ಮೀಟರ್, ಉಸಿರಾಟಕ್ಕೆ ತೊಂದರೆ ಕೊಡುವಷ್ಟಲ್ಲ. ನಮ್ಮ ಕಡೆಯಿಂದ ಹೈದರಾಬಾದಿಗೆ ಹೋದರೆ ನೇರ ವಿಮಾನ ಸಿಕ್ಕಿತು. ರೈಲಿನಲ್ಲೂ ಹೋಗಬಹುದಿತ್ತು. ಹೈದರಾಬಾದಿನಿಂದ ದಿಲ್ಲಿಗೆ ಒಂದು ಹಗಲು ಒಂದು ರಾತ್ರಿ, ಅಲ್ಲಿಂದ ಬೆಳಿಗ್ಗೆಯ ಶತಾಬ್ದಿಯಲ್ಲಿ ಡೆಹ್ರಾಡೂನ್. ಆದರೆ ಐದು ದಿನದ ಪ್ರವಾಸದಲ್ಲಿ ನಾಲ್ಕು ದಿನ ರೈಲಿನಲ್ಲೇ ಕಳೆಯುವುದು ಅವ್ವನ ಕಾಲಿಗೂ ಬೇಡ, ನಮ್ಮ ರಜೆಗೂ ಬೇಡ ಅನ್ನಿಸಿತು.

ಹೋಗುವ ದಿನ ಆರಿಸುವುದಕ್ಕೆ ಜಾಸ್ತಿ ಯೋಚನೆ ಮಾಡಿದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಭಾರಿ ಮಳೆ, ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ, ಮಂಜು ಮುಸುಕಿ ಎದುರಿಗಿನ ಬೆಟ್ಟವೂ ಕಾಣುವುದಿಲ್ಲ. ಮೇ, ಜೂನ್‌ನಲ್ಲಿ ದಿಲ್ಲಿ ಕಡೆಯ ಜನರೆಲ್ಲ ಸೆಕೆ ತಪ್ಪಿಸಿಕೊಳ್ಳಲು ಅಲ್ಲೇ ಇರುತ್ತಾರೆ. ಮಳೆ ನಿಂತ ಮೇಲೆ, ಅಕ್ಟೋಬರ್‌ನಲ್ಲಿ, ಆಕಾಶ ತೊಳೆದ ಹಾಗೆ ಇರುತ್ತದೆ. ಮಕ್ಕಳ ದಸರಾ ರಜೆಯೂ ಆಗಲೇ. ಹಬ್ಬ ಮುಗಿದು ದೀಪಾವಳಿ ಶುರುವಾಗುವ ಮೊದಲಿನ ವಾರ ಹಿಡಿದು, ಸೋಮವಾರ ಹೋಗಿ ಶುಕ್ರವಾರ ಹೊರಡುವ ಹಾಗೆ ಟಿಕೆಟ್ ತೆಗೆದೆ. ಶನಿವಾರ, ಭಾನುವಾರ ಆ ರಸ್ತೆಯಲ್ಲಿ ಗಾಡಿಗಳು ಇರುವೆ ಸಾಲಿನ ಹಾಗೆ ನಿಂತಿರುತ್ತವೆ. ವಾರದ ನಡುವೆ ಹೋದರೆ ಅದೇ ಊರು ಬೇರೆ ಊರು.

ಇನ್ನು ರೂಮು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮನೆಯಲ್ಲಿ ವಯಸ್ಸಾದವರು ಇರುವ ಎಲ್ಲರಿಗೂ ಬೇಕಾಗುತ್ತದೆ. ಬೆಟ್ಟದ ಊರಿನಲ್ಲಿ ಹೋಟೆಲ್ ಅಂದರೆ ನಮ್ಮ ಊರಿನ ಹಾಗೆ ರಸ್ತೆಗೆ ಮುಖ ಮಾಡಿ ನೆಲದ ಮೇಲೆ ನಿಂತಿರುವುದಿಲ್ಲ. ಕೆಲವು ರಸ್ತೆಯಿಂದ ಕೆಳಗೆ ನೇತುಬಿದ್ದಿರುತ್ತವೆ, ಕೆಲವು ತಲೆ ಮೇಲೆ ಇರುತ್ತವೆ. ಫೋಟೋದಲ್ಲಿ ಬಾಲ್ಕನಿ ಕಾಣುತ್ತದೆ, ಕಣಿವೆ ಕಾಣುತ್ತದೆ, ಮೆಟ್ಟಿಲು ಕಾಣುವುದಿಲ್ಲ. ನಾನು ಮೊದಲು ಬುಕ್ ಮಾಡಿದ ಜಾಗಕ್ಕೆ ಸುಮ್ನೆ ಒಂದು ಫೋನ್ ಮಾಡಿ, ಗಾಡಿ ನಿಲ್ಲುವ ಜಾಗದಿಂದ ರೂಮಿಗೆ ಎಷ್ಟು ಮೆಟ್ಟಿಲು ಅಂತ ಕೇಳಿದೆ. ಸ್ವಲ್ಪಾನೇ ಸರ್ ಅಂದರು. ದಯವಿಟ್ಟು ಎಣಿಸಿ ಹೇಳಿ ಅಂದೆ. ಹತ್ತು ನಿಮಿಷ ಬಿಟ್ಟು ಅವರೇ ಫೋನ್ ಮಾಡಿ ಹೇಳಿದರು, ಅರವತ್ತೆರಡು. ಆ ದಿನವೇ ರದ್ದು ಮಾಡಿದೆ. ಆಮೇಲೆ ಇನ್ನೂ ಐದಾರು ಕಡೆ ಕೇಳಿ, ಮಸೂರಿಗೆ ಅಂಟಿಕೊಂಡಿರುವ ಲಂಢೌರ್ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ ಒಂದು ಹಳೆಯ ಮನೆ ಸಿಕ್ಕಿತು. ಎರಡು ರೂಮು, ಬಿಸಿಲು ಬೀಳುವ ಅಂಗಳ, ಅಡುಗೆ ಮಾಡಿ ಕೊಡುವ ಒಬ್ಬ ಅಕ್ಕ. ಮೆಟ್ಟಿಲು ನಾಲ್ಕು.

ಸೋಮವಾರ ಬೆಳಗಿನ ಜಾವ ಎರಡಕ್ಕೆ ಬೀದರ್ ಬಿಟ್ಟೆವು. ಜಹೀರಾಬಾದ್, ಸಂಗಾರೆಡ್ಡಿ ದಾಟಿ ಶಂಶಾಬಾದ್. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಎರಡು ಕೌದಿ. ಕೌದಿ ಬೇಡ ಅಂತ ಎಷ್ಟು ಹೇಳಿದರೂ ಅವ್ವ ಬಿಡಲಿಲ್ಲ.

ಡೆಹ್ರಾಡೂನಿನಲ್ಲಿ ಇಳಿದಾಗ ನಮ್ಮ ಟ್ಯಾಕ್ಸಿಯ ಸರದಾರ್‌ಜಿ ಎಲ್ಲಿಂದ ಬಂದಿರಿ ಅಂತ ಕೇಳಿದರು. ಕರ್ನಾಟಕ, ಬೀದರ್ ಅಂದೆ. ಅವರು ಗಾಡಿ ಶುರು ಮಾಡುವುದನ್ನು ಬಿಟ್ಟು ಹಿಂದೆ ತಿರುಗಿದರು. "ನಾನಕ್ ಝೀರಾ ಸಾಹೇಬ್ ವಾಲಾ ಬೀದರ್?" ನಾನಕ್ ಝೀರಾ ಅಂದರೆ ನಮ್ಮ ಊರಿನ ಗುರುದ್ವಾರ. ನಮ್ಮ ಊರಿನ ಹೆಸರು ಹೇಳಿದಾಗ ಹೊರಗಿನವರು ಹೀಗೆ ಕಣ್ಣರಳಿಸಿದ್ದನ್ನು ನಾನು ಜಾಸ್ತಿ ನೋಡಿಲ್ಲ. ಗುರು ಗೋಬಿಂದ್ ಸಿಂಗ್ ಅವರ ಮೊದಲ ಐವರು ಖಾಲ್ಸಾ ಸಿಖ್ಖರಾದ ಪಂಚ ಪ್ಯಾರೆಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು ಅನ್ನುವುದೂ ಅವರಿಗೆ ಗೊತ್ತಿತ್ತು. ಅವ್ವ ತನ್ನ ದಖನಿ ಉರ್ದುವಿನಲ್ಲಿ ಝೀರಾದ ಸಿಹಿನೀರಿನ ಬಗ್ಗೆ ಹೇಳಿದಳು, ಅವರು ತಮ್ಮ ಪಂಜಾಬಿ ಹಿಂದಿಯಲ್ಲಿ ಡೆಹ್ರಾಡೂನಿನ ಕಥೆ ಹೇಳಿದರು. ಸಿಖ್ಖರ ಗುರು ಹರ್ ರಾಯ್ ಅವರ ಮಗ ರಾಮ್ ರಾಯ್ ಹದಿನೇಳನೇ ಶತಮಾನದಲ್ಲಿ ಈ ಕಣಿವೆಗೆ ಬಂದು ಡೇರೆ ಹಾಕಿದರು, ಆ ಡೇರೆಯಿಂದ ಡೇರಾ, ಕಣಿವೆಗೆ ದೂನ್. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಪೂರ್ತಿ ತಿಳಿಯಿತು ಅಂತ ನನಗೆ ಅನ್ನಿಸಲಿಲ್ಲ, ಆದರೆ ಮಾತು ನಿಲ್ಲಲೇ ಇಲ್ಲ.

ಇನ್ನೊಂದು ವಿಷಯ. ಡೆಹ್ರಾಡೂನ್ ಮತ್ತು ನಮ್ಮ ಬೀದರ್, ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ. ನಾವು ಮಾತ್ರ ಅಷ್ಟು ಎತ್ತರದಲ್ಲಿ ಸಪಾಟಾದ ಕೆಂಪು ಕಲ್ಲಿನ ಮೇಲೆ ಕುಳಿತಿದ್ದೇವೆ, ಅವರು ಬೆಟ್ಟದ ಬುಡದಲ್ಲಿದ್ದಾರೆ. ಬೆಟ್ಟ ಶುರುವಾಗುವುದೇ ಅಲ್ಲಿಂದ. ತಿರುವು ಮೇಲೆ ತಿರುವು. ಮಗನಿಗೆ ವಾಂತಿ ಆಯಿತು. ಗಾಡಿ ನಿಲ್ಲಿಸಿ ಅರ್ಧ ತಾಸು ಕುಳಿತು, ಬೆಲ್ಲ ಹಾಕಿದ ಶುಂಠಿ ಚಹಾ ಕುಡಿದು ಮುಂದೆ ಹೋದೆವು. ಮಕ್ಕಳಿದ್ದರೆ ಹೊಟ್ಟೆ ತುಂಬ ತಿನ್ನಿಸಿ ಆ ದಾರಿ ಹತ್ತಬೇಡಿ, ಮುಂದಿನ ಸೀಟಿನಲ್ಲಿ ಕೂರಿಸಿ.

ಮರುದಿನ ಬೆಳಿಗ್ಗೆ ಲಾಲ್ ಟಿಬ್ಬಾಕ್ಕೆ ಹೋದೆವು. ಲಂಢೌರಿನ ಎತ್ತರದ ಜಾಗ ಅದು. ದೇವದಾರು ಮರಗಳ ನಡುವೆ ರಸ್ತೆ, ಗಾಳಿಯಲ್ಲಿ ಹಸಿ ಕಟ್ಟಿಗೆಯ ವಾಸನೆ. ಉತ್ತರಕ್ಕೆ ತಿರುಗಿದರೆ ಉದ್ದಕ್ಕೂ ಬಿಳಿ. ಬಂದರ್‌ಪೂಂಛ್, ಸ್ವರ್ಗಾರೋಹಿಣಿ ಅಂತ ಅಲ್ಲಿದ್ದವರು ಒಂದೊಂದನ್ನೇ ತೋರಿಸಿದರು. ಕೇದಾರದ ಕಡೆಯ ಶಿಖರ ಯಾವುದು ಅಂತ ಅವ್ವ ಕೇಳಿ ಕೇಳಿ ಗುರುತು ಹಿಡಿದಳು, ಚಪ್ಪಲಿ ಬಿಟ್ಟು ನಿಂತು ಕೈ ಮುಗಿದಳು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ನಾವೂ ಮಾತಾಡಿಸಲಿಲ್ಲ. ಆಮೇಲೆ ಚಾರ್ ದುಕಾನ್‌ನಲ್ಲಿ ಮಕ್ಕಳಿಗೆ ಬನ್ ಆಮ್ಲೆಟ್, ಅವ್ವನಿಗೆ ನಿಂಬೆ ಶುಂಠಿ ಜೇನಿನ ಬಿಸಿನೀರು. ಹನ್ನೊಂದಕ್ಕೆಲ್ಲ ಮನೆಗೆ ವಾಪಸ್. ಉಳಿದ ದಿನ ಅಂಗಳದಲ್ಲಿ ಬಿಸಿಲು ಕಾಯಿಸಿದೆವು.

ಆ ಅಂಗಳದಲ್ಲೇ ಅವ್ವನಿಗೂ ಅಡುಗೆಯ ಅಕ್ಕನಿಗೂ ಗೆಳೆತನ ಆಯಿತು. ಆಕೆ ರಾಜ್ಮಾ, ಅನ್ನ, ಆಲೂ ಗುಟ್ಕೆ ಅನ್ನುವ ಆಲೂಗಡ್ಡೆ ಪಲ್ಯ ಮಾಡುತ್ತಿದ್ದಳು. ಒಂದು ರಾತ್ರಿ ಕಪ್ಪನೆಯ ರೊಟ್ಟಿ ಬಡಿಸಿದಳು, ಮಂಡುವಾ ಅಂದಳು. ಅವ್ವ ಮುರಿದು ಬಾಯಿಗಿಟ್ಟು, "ಅಯ್ಯ, ಇದು ರಾಗಿ!" ಅಂದಳು. ನಮ್ಮ ದಕ್ಷಿಣದವರ ರಾಗಿ ಗಡ್ವಾಲಿ ಬೆಟ್ಟದ ಮನೆಗಳಲ್ಲೂ ದಿನದ ಊಟ ಅಂತ ನನಗೂ ಆಗಲೇ ಗೊತ್ತಾಗಿದ್ದು. ಮರುದಿನ ಅವ್ವ ಖಡಕ್ ರೊಟ್ಟಿಗೆ ಶೇಂಗಾ ಚಟ್ನಿ, ಎಣ್ಣೆ ಹಚ್ಚಿ ಆಕೆಗೆ ಕೊಟ್ಟಳು. ಹಪ್ಪಳ ಅಂದುಕೊಂಡು ತೆಗೆದುಕೊಂಡ ಆಕೆ, ಇದೇ ಊಟ ಅಂತ ತಿಳಿದ ಮೇಲೆ ಇನ್ನೆರಡು ಕೇಳಿದಳು.

ಮಾಲ್ ರೋಡ್, ಗನ್ ಹಿಲ್ ಎಲ್ಲ ಒಂದು ಮಧ್ಯಾಹ್ನಕ್ಕೆ ಮುಗಿದವು. ಕೆಂಪ್ಟಿ ಜಲಪಾತಕ್ಕೆ ಹೋಗಲಿಲ್ಲ, ಇಳಿಯುವುದು ಹತ್ತುವುದು ಜಾಸ್ತಿ. ಬದಲಿಗೆ ಕ್ಯಾಮೆಲ್ಸ್ ಬ್ಯಾಕ್ ರೋಡಿಗೆ ಎರಡು ಸಲ ಹೋದೆವು. ಬೆಟ್ಟದ ಹಿಂಭಾಗದಲ್ಲಿ ಸುಮಾರು ಮೂರು ಕಿಲೋಮೀಟರ್ ಹೆಚ್ಚುಕಡಿಮೆ ಸಪಾಟಾದ ದಾರಿ. ಅವ್ವ ಸೈಕಲ್ ರಿಕ್ಷಾದಲ್ಲಿ, ನಾವು ಪಕ್ಕದಲ್ಲಿ ನಡೆದುಕೊಂಡು.

ಗುರುವಾರದ ದಿನ ನಾನು ಕಾಯುತ್ತಿದ್ದ ಜಾಗ, ಹಾಥಿಪಾಂವ್‌ನಲ್ಲಿರುವ ಜಾರ್ಜ್ ಎವರೆಸ್ಟ್‌ನ ಮನೆ. ಮಸೂರಿಗೆ ಹೋಗುವವರು ಅಲ್ಲಿ ಫೋಟೋ ತೆಗೆಸಿಕೊಂಡು ಬರುತ್ತಾರೆ. ಬೀದರಿನವರಿಗೆ ಅಲ್ಲಿ ನೋಡುವುದು ಇನ್ನೂ ಇದೆ.

1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಲ್ಲಿ ಶುರು ಮಾಡಿದ ಅಳತೆ ಕೆಲಸವನ್ನು ಎವರೆಸ್ಟ್ ಮುಂದುವರಿಸಿದ. ಕನ್ಯಾಕುಮಾರಿಯಿಂದ ಹಿಮಾಲಯದ ಬುಡದವರೆಗೆ ಸುಮಾರು 2400 ಕಿಲೋಮೀಟರ್ ಉದ್ದದ ಅಳತೆಯ ಗೆರೆ, ಅದನ್ನು ಗ್ರೇಟ್ ಆರ್ಕ್ ಅನ್ನುತ್ತಾರೆ. ನೆಲದ ಮೇಲೆ ಒಂದು ನೇರ ಗೆರೆಯನ್ನು ಮಾತ್ರ ಕೈಯಾರೆ ಅಳೆಯುವುದು. ಅದರ ಎರಡು ತುದಿಯಿಂದ ದೂರದ ಒಂದು ಗುಡ್ಡವನ್ನು ಕೋನ ಅಳೆಯುವ ದುರ್ಬೀನಾದ ಥಿಯೋಡೊಲೈಟ್‌ನಲ್ಲಿ ನೋಡಿ ಕೋನ ಹಿಡಿದರೆ ತ್ರಿಕೋನ ಸಿಗುತ್ತದೆ. ಆ ತ್ರಿಕೋನದ ಬದಿಯಿಂದ ಇನ್ನೊಂದು, ಅದರಿಂದ ಮತ್ತೊಂದು. ಹೀಗೆ ಊರಿಂದ ಊರಿಗೆ ಹೋಗಿ, ಲೆಕ್ಕ ಸರಿ ಇದೆಯಾ ಅಂತ ನೋಡಲು ದೂರದಲ್ಲಿ ಮತ್ತೊಂದು ಗೆರೆಯನ್ನು ಅಳೆದು ತಾಳೆ ನೋಡುವುದು. ಅಂಥ ಒಂದು ಗೆರೆ 1834-35ರಲ್ಲಿ ಈ ಡೂನ್ ಕಣಿವೆಯಲ್ಲಿ ಆಯಿತು. ಇನ್ನೊಂದನ್ನು 1841ರಲ್ಲಿ ಎವರೆಸ್ಟ್‌ನ ಸಹಾಯಕ ಆಂಡ್ರ್ಯೂ ವಾ ಅಳೆದ. ಎಲ್ಲಿ ಗೊತ್ತಾ? ನಮ್ಮ ಬೀದರಿನ ಹತ್ತಿರ. ಏಳು ಮೈಲಿಗೂ ಜಾಸ್ತಿ ಉದ್ದ. ಬಿಸಿಲಿಗೆ ಲೋಹ ಹಿಗ್ಗಿದರೆ ಅಳತೆ ತಪ್ಪುತ್ತದಲ್ವಾ, ಅದಕ್ಕೆ ಕಬ್ಬಿಣ ಮತ್ತು ಹಿತ್ತಾಳೆ ಸರಳುಗಳನ್ನು ಜೋಡಿಸಿ, ಒಂದರ ಹಿಗ್ಗು ಇನ್ನೊಂದರ ಹಿಗ್ಗನ್ನು ಸರಿದೂಗಿಸುವ ಹಾಗೆ ಮಾಡಿದ ಅಳತೆಗೋಲು ಬಳಸಿದರು. ಆಮೇಲೆ ಅದೇ ವಾ, ಹಿಮಾಲಯದ ಅತಿ ಎತ್ತರದ ಶಿಖರಕ್ಕೆ ತನ್ನ ಹಿಂದಿನ ಅಧಿಕಾರಿಯ ಹೆಸರು ಇಡಲು ಹೇಳಿದ್ದು.

ಅವ್ವ ಕೆಳಗೆ ಚಹಾ ಅಂಗಡಿಯಲ್ಲಿ ಹೆಂಡತಿಯ ಜೊತೆ ಕುಳಿತಳು. ಮಕ್ಕಳನ್ನು ಕರೆದುಕೊಂಡು ನಾನು ಏರು ಹತ್ತಿದೆ. ಒಂದು ಕಡೆ ಡೂನ್ ಕಣಿವೆ, ಇನ್ನೊಂದು ಕಡೆ ಅಗ್ಲಾರ್ ಕಣಿವೆ ಮತ್ತು ಅದರಾಚೆ ಹಿಮ. ಈ ಕಥೆಯನ್ನು ಅಲ್ಲೇ ನಿಂತು ಮಗನಿಗೆ ಹೇಳಿದೆ. ಅವನು ದಕ್ಷಿಣಕ್ಕೆ ಮುಖ ಮಾಡಿ, "ಅಪ್ಪಾ, ಇಲ್ಲಿಂದ ನೇರ ಹೋದ್ರ ನಮ್ಮನಿ ಬರ್ತದೇನು?" ಅಂದ. ಸ್ವಲ್ಪ ಪಶ್ಚಿಮಕ್ಕೆ ಸರಿದರೆ ಬರುತ್ತದೆ ಅಂದೆ. ನಿಜವಾಗಿಯೂ ಎರಡೂ ಊರು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ.

ಬರುವಾಗ ಹ್ಯಾಪಿ ವ್ಯಾಲಿ, ಟಿಬೆಟಿಯನ್ನರು ನೆಲೆಸಿರುವ ಜಾಗ. 1959ರಲ್ಲಿ ಟಿಬೆಟ್ ಬಿಟ್ಟು ಬಂದ ದಲೈ ಲಾಮಾ ಧರ್ಮಶಾಲೆಗೆ ಹೋಗುವ ಮೊದಲು ಮಸೂರಿಯಲ್ಲೇ ಇದ್ದರು. ಅಲ್ಲಿ ಜಪಮಾಲೆ ಹಿಡಿದು ಕುಳಿತಿದ್ದ ಒಬ್ಬ ಅಜ್ಜಿಗೆ ಕರ್ನಾಟಕ ಅಂದ ಕೂಡಲೇ ನಮ್ಮ ಕಡೆಯ ಟಿಬೆಟಿಯನ್ನರ ಊರಾದ ಮುಂಡಗೋಡು ನೆನಪಾಯಿತು, ತಮ್ಮ ಅಲ್ಲಿದ್ದಾನಂತೆ. ಐಎಎಸ್ ಅಕಾಡೆಮಿಯೂ ಅಲ್ಲೇ ಹತ್ತಿರ. ಪಿಯುಸಿ ಓದುವ ಮಗಳು ಗೇಟಿನ ಹೊರಗೆ ಸುಮ್ಮನೆ ಎರಡು ನಿಮಿಷ ನಿಂತು ಬಂದಳು. ನಾನು ಏನೂ ಕೇಳಲಿಲ್ಲ.

ಕೊನೆಯ ಸಂಜೆ ಪಶ್ಚಿಮದ ಆಕಾಶದಲ್ಲಿ ವಿಂಟರ್ ಲೈನ್ ಕಂಡಿತು. ಅಕ್ಟೋಬರ್ ಮಧ್ಯದಿಂದ ಚಳಿ ಮುಗಿಯುವವರೆಗೆ ಅಲ್ಲಿ ಆಗುವ ಸೋಜಿಗ ಅದು. ಕಣಿವೆಯ ಧೂಳು, ತೇವ ಎಲ್ಲ ಕೆಳಗೇ ಪದರ ಕಟ್ಟಿ ನಿಂತು, ಸೂರ್ಯ ನಿಜವಾದ ದಿಗಂತಕ್ಕಿಂತ ಮೇಲೆಯೇ ಮುಳುಗಿದ ಹಾಗೆ ಕಾಣುತ್ತದೆ. ನೇರಳೆ ಬಣ್ಣದ ಮೇಲೆ ಕೇಸರಿ ಗೆರೆ. ಚಳಿ ಹತ್ತು ಡಿಗ್ರಿ ಹತ್ತಿರ ಇಳಿದಿತ್ತು, ಎರಡು ಕೌದಿಗಳಲ್ಲಿ ನಾವು ಐದೂ ಜನ ಸುತ್ತಿಕೊಂಡು ಅಂಗಳದಲ್ಲಿ ಕುಳಿತು ಅದು ಕರಗುವವರೆಗೆ ನೋಡಿದೆವು.

ಊರಿಗೆ ಬಂದು ಮೂರು ವಾರ ಆಯಿತು. ಗ್ರೇಟ್ ಆರ್ಕ್‌ನ ಹೆಸರಾದ ಅಳತೆ ಠಾಣೆಗಳಲ್ಲಿ ಒಂದಾದ ದಾಮರಗಿದ್ದ ಗಡಿಯಾಚೆ ತೆಲಂಗಾಣದಲ್ಲಿದೆ, ಬೀದರಿನಿಂದ ದೂರವೇನಲ್ಲ. ಆ ಗೆರೆಯ ನಮ್ಮ ಕಡೆಯ ಜಾಗವನ್ನೂ ನೋಡಬೇಕು ಅಂತ ಮಗ ದಿನಾ ಕೇಳುತ್ತಿದ್ದಾನೆ. ಬರುವ ಭಾನುವಾರ ಹೊರಟಿದ್ದೇವೆ. ಅವ್ವನೂ ಬರುತ್ತಾಳಂತೆ. ಅಲ್ಲಿ ಎಷ್ಟು ಮೆಟ್ಟಿಲು ಇವೆ, ಮೊದಲು ಕೇಳಿ ಇಟ್ಟುಕೋ ಅಂದಿದ್ದಾಳೆ.