ಸಾನಿಬೆಲ್, ಕ್ಯಾಪ್ಟಿವಾ: ಕಪ್ಪೆಚಿಪ್ಪಿನ ದ್ವೀಪಗಳಿಗೆ ಹೋಗುವ ಮುನ್ನ

ಫ್ಲಾರಿಡಾದ ನೈರುತ್ಯ ಕರಾವಳಿಯ ಈ ಜೋಡಿ ದ್ವೀಪಗಳಿಗೆ ಹೊರಡುವವರು ಹೋಟೆಲ್ ಹುಡುಕುವ ಮೊದಲು ಉಬ್ಬರವಿಳಿತದ ವೇಳಾಪಟ್ಟಿ ನೋಡಬೇಕು. ಇಲ್ಲಿ ದಿನಚರಿ ನಿರ್ಧರಿಸುವುದು ಸಮುದ್ರವೇ.

ದಡಕ್ಕೆ ಅಡ್ಡಗಟ್ಟೆಯಂತಿರುವ ಇಂಥ ಮರಳು ದ್ವೀಪಗಳು ಈ ಕರಾವಳಿಯಲ್ಲಿ ಹೆಚ್ಚಾಗಿ ಉತ್ತರ-ದಕ್ಷಿಣವಾಗಿ ಚಾಚಿರುತ್ತವೆ. ಸಾನಿಬೆಲ್ ಮಾತ್ರ ಪೂರ್ವ-ಪಶ್ಚಿಮಕ್ಕೆ ಬಾಗಿದೆ. ಮೆಕ್ಸಿಕೊ ಕೊಲ್ಲಿಯ ತಳ ಇಲ್ಲಿ ಬಹುದೂರದವರೆಗೆ ಆಳವಿಲ್ಲ. ಹಾಗಾಗಿ ಅಲೆ ತಂದ ಚಿಪ್ಪುಗಳು ಒಡೆಯದೆ, ಮೊರದಲ್ಲಿ ಹಿಡಿದಂತೆ ದಡಕ್ಕೆ ಬಂದು ಬೀಳುತ್ತವೆ.

ಇಳಿತದ ಸಮಯಕ್ಕೆ ಒಂದು ಗಂಟೆ ಮೊದಲೇ ನೀರಂಚಿನಲ್ಲಿರಿ. ಇಳಿತ ಬೆಳಗಿನ ಜಾವಕ್ಕೆ ಬಿದ್ದರೆ ಟಾರ್ಚ್ ಬೇಕು. ತಡವಾಗಿ ಎದ್ದವರಿಗೆ ಉಳಿಯುವುದು ಚೂರುಗಳು. ಬಿರುಗಾಳಿಯ ಮರುದಿನ ಫಸಲು ಹೆಚ್ಚು. ಬೋಮನ್ಸ್ ಬೀಚ್‌ನಲ್ಲಿ ಪಾರ್ಕಿಂಗ್‌ನಿಂದ ದಡಕ್ಕೆ ಸ್ವಲ್ಪ ದೂರ ನಡೆಯಬೇಕು, ಆದ್ದರಿಂದಲೇ ಅಲ್ಲಿ ಜನ ಕಡಿಮೆ. ಎರಡು ದ್ವೀಪಗಳ ನಡುವಿನ ಬ್ಲೈಂಡ್ ಪಾಸ್‌ನಲ್ಲಿ ಚಿಪ್ಪು ರಾಶಿಯಾಗಿ ಬೀಳುತ್ತದೆ, ಆದರೆ ಸೆಳೆತ ಜೋರು. ಮಕ್ಕಳನ್ನು ನೀರಿಗೆ ಇಳಿಸಬೇಡಿ. ಬೇರೆಡೆಯೂ ನೀರಿನಲ್ಲಿ ಕಾಲೆತ್ತಿ ನಡೆಯದೆ ಮರಳಿನ ಮೇಲೆ ಪಾದ ಎಳೆಯುತ್ತ ಸಾಗಿ. ಮರಳಲ್ಲಿ ಹುದುಗಿರುವ ತೊರಕೆ ಮೀನು ಆ ಕಂಪನಕ್ಕೆ ಸರಿದುಹೋಗುತ್ತದೆ, ತುಳಿದರೆ ಬಾಲದ ಮುಳ್ಳಿನಿಂದ ಚುಚ್ಚುತ್ತದೆ.

ಚಿಪ್ಪು ಕೈಗೆ ಬಂದ ಕೂಡಲೇ ಅದರ ಬಾಯಿ ನೋಡಿ. ಒಳಗೆ ಕಂದು ಬಣ್ಣದ ಗಟ್ಟಿ ಮುಚ್ಚಳವೋ, ಏಡಿಯ ಕಾಲೋ ಕಂಡರೆ ಅದು ಇನ್ನೂ ಜೀವದ ಮನೆ. ಕಂಡಲ್ಲೇ ಮೆಲ್ಲಗೆ ನೀರಿಗೆ ಬಿಡಿ, ಎಸೆಯಬೇಡಿ. ನಾಣ್ಯದಂತೆ ಚಪ್ಪಟೆಯಾದ ಕಡಲಜೀವಿ ಸ್ಯಾಂಡ್ ಡಾಲರ್ ಕಂದಾಗಿ, ಮೈಮೇಲೆ ಮಖಮಲ್ಲಿನಂಥ ಸಣ್ಣ ಮುಳ್ಳುಗಳಿದ್ದರೆ ಬದುಕಿದೆ. ಬಿಳಿಯಾಗಿ ನುಣುಪಾಗಿದ್ದರೆ ಮಾತ್ರ ಚೀಲಕ್ಕೆ. ಜೀವವಿರುವ ಚಿಪ್ಪು, ನಕ್ಷತ್ರಮೀನು, ಸ್ಯಾಂಡ್ ಡಾಲರ್ ಒಯ್ಯುವುದು ಸಾನಿಬೆಲ್‌ನಲ್ಲಿ 1995ರಿಂದ ನಿಷಿದ್ಧ, ದಂಡ ಬೀಳುತ್ತದೆ. ಕಾನೂನು ಇಲ್ಲದಿದ್ದರೂ ಇದು ಪಾಲಿಸಲೇಬೇಕಾದ ಮಾತು. ಒಂದು ಶಂಖ ಬೆಳೆಯಲು ವರ್ಷಗಳೇ ಬೇಕು.

ನಮ್ಮವರು ಇಲ್ಲಿ ಒಂದು ವಿಷಯಕ್ಕೆ ಮೋಸಹೋಗುತ್ತಾರೆ. ಇಲ್ಲಿ ಸಿಗುವ ಲೈಟ್ನಿಂಗ್ ವೆಲ್ಕ್ ಎಂಬ ಶಂಖದಂಥ ಚಿಪ್ಪು, ಪೂಜೆಯ ಶಂಖದಂತೆ ಕೊಳವೆಯ ತುದಿ ಮೇಲೆ ಮಾಡಿ ಹಿಡಿದರೆ, ಬಲಕ್ಕೆ ಬಾಯಿ ತೆರೆಯುತ್ತದೆ. ಬಲಮುರಿ ಶಂಖ ಸಿಕ್ಕಿತೆಂದು ಸಂತೋಷಪಡುವುದು ಸಹಜ, ಇದನ್ನೇ ಬಲಮುರಿಯೆಂದು ದುಬಾರಿ ಬೆಲೆಗೆ ಮಾರುವವರೂ ಇದ್ದಾರೆ. ಬಾಯೊಳಗೆ ಬೆರಳಿಟ್ಟು ನಡುಗಂಬವನ್ನು ಸವರಿ ನೋಡಿ. ನಿಜವಾದ ಪೂಜೆಯ ಶಂಖದಲ್ಲಿ ಅಲ್ಲಿ ಮೂರ್ನಾಲ್ಕು ಏಣುಗಳು ಬೆರಳಿಗೆ ತಾಗುತ್ತವೆ, ವೆಲ್ಕ್‌ನಲ್ಲಿ ನುಣುಪಾಗಿರುತ್ತದೆ. ಅದರ ಚೆಲುವಿಗೇನೂ ಕೊರತೆಯಿಲ್ಲ. ಅಪರೂಪದ್ದು ಜುನೋನಿಯಾ: ಕೆನೆಬಣ್ಣದ ಮೇಲೆ ಕಂದು ಚುಕ್ಕೆ. ಆಳದಲ್ಲಿ ಬದುಕುವ ಜೀವಿಯಾದ್ದರಿಂದ ದಡಕ್ಕೆ ಬರುವುದೇ ಕಡಿಮೆ. ಅದನ್ನು ನೋಡಲೇಬೇಕೆಂದರೆ ಬೇಲಿ-ಮ್ಯಾಥ್ಯೂಸ್ ಚಿಪ್ಪಿನ ಮ್ಯೂಸಿಯಂಗೆ ಹೋಗಿ.

ಚಿಪ್ಪನ್ನು ಹಸಿಯಾಗಿ ಮುಚ್ಚಿದ ಕಾರಿನಲ್ಲಿಟ್ಟರೆ ಸಂಜೆಗೆ ದುರ್ವಾಸನೆ. ಸಿಹಿನೀರಲ್ಲಿ ತೊಳೆದು, ಒಂದು ಪಾಲು ಬ್ಲೀಚ್‌ಗೆ ಒಂದು ಪಾಲು ನೀರು ಬೆರೆಸಿ ಕೆಲವು ಗಂಟೆ ನೆನೆಸಿ, ಮತ್ತೆ ತೊಳೆದು ಒಣಗಿಸಿ. ಮಾಸಿದ ಬಣ್ಣಕ್ಕೆ ಒಂದು ಹನಿ ಬೇಬಿ ಆಯಿಲ್ ಸಾಕು.

ಹಕ್ಕಿಗಳಿಗಾಗಿ ಡಿಂಗ್ ಡಾರ್ಲಿಂಗ್ ವನ್ಯಧಾಮ. 1945ರಲ್ಲಿ ಶುರುವಾದ ಇದರೊಳಗೆ 4 ಮೈಲಿಯ ಏಕಮುಖ ರಸ್ತೆ, ಕಾರಿಗೂ ಸೈಕಲ್ಲಿಗೂ. ಶುಕ್ರವಾರ ಈ ರಸ್ತೆ ಮುಚ್ಚಿರುತ್ತದೆ; ಇದು ತಿಳಿಯದೆ ಬಂದು ವಾಪಸಾಗುವವರು ಬಹಳ. ನೀರು ಇಳಿದು ಕೆಸರು ಬಯಲಾದಾಗ ಗುಲಾಬಿ ಬಣ್ಣದ ಚಮಚಕೊಕ್ಕುಗಳು ಕೊಕ್ಕನ್ನು ಎಡಕ್ಕೂ ಬಲಕ್ಕೂ ಬೀಸುತ್ತ ಮೇಯುತ್ತವೆ. ಹಕ್ಕಿಗೂ ಚಿಪ್ಪಿಗೂ ಇಳಿತವೇ ಬೇಕಾದ್ದರಿಂದ ಎರಡು ದಿನವಾದರೂ ಇಟ್ಟುಕೊಳ್ಳಿ. ಒಂದೇ ದಿನವಿದ್ದರೆ ಮೊದಲು ಕಡಲ ದಡ, ಆಮೇಲೆ ವನ್ಯಧಾಮ: ಒಳಗಿನ ಹಿನ್ನೀರಿನಲ್ಲಿ ಇಳಿತ ತಡವಾಗಿ ಆಗುತ್ತದೆ. ಆಲಿಗೇಟರ್ ಕಂಡರೆ ದೂರವಿರಿ, ಏನನ್ನೂ ತಿನ್ನಿಸಬೇಡಿ.

ಫೋರ್ಟ್ ಮೈಯರ್ಸ್ ವಿಮಾನ ನಿಲ್ದಾಣದಿಂದ ಕಾರೇ ಅನುಕೂಲ. ಸೇತುವೆಯ ಟೋಲ್ ಒಳಹೋಗುವಾಗ ಮಾತ್ರ. ದ್ವೀಪದಲ್ಲಿ ಸಿಗ್ನಲ್ಲುಗಳಿಲ್ಲ, ರಸ್ತೆ ಕಿರಿದು. ಫೆಬ್ರವರಿ-ಮಾರ್ಚ್‌ನಲ್ಲಿ ಮಧ್ಯಾಹ್ನ ಮೂರರ ನಂತರ ಹೊರಟರೆ ಸೇತುವೆಯವರೆಗೂ ತೆವಳಬೇಕು. ಅದಕ್ಕಿಂತ ಕ್ಯಾಪ್ಟಿವಾದಲ್ಲಿ ಸೂರ್ಯಾಸ್ತ ನೋಡಿ ಹೊರಡುವುದು ಮೇಲು. ಮುಸ್ಸಂಜೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ನೊರಜು ಕಚ್ಚುತ್ತವೆ, ಉದ್ದ ತೋಳಿನ ಬಟ್ಟೆ ಇರಲಿ.

2022ರ ಸೆಪ್ಟೆಂಬರ್ 28ರ ಇಯಾನ್ ಚಂಡಮಾರುತ ಈ ಸೇತುವೆಯನ್ನೇ ಮುರಿದಿತ್ತು. 1884ರ ದೀಪಸ್ತಂಭದ ಒಂದು ಕಬ್ಬಿಣದ ಕಾಲೂ ಕೊಚ್ಚಿಹೋಗಿತ್ತು. ಹಳೆಯ ಬರಹಗಳಲ್ಲಿರುವ ಅಂಗಡಿ, ವಸತಿ ಈಗಲೂ ಇವೆಯೆಂದು ನಂಬದೆ ಫೋನ್ ಮಾಡಿಯೇ ಹೊರಡಿ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ; ಆಗ ಹೋಗುವುದಾದರೆ ರದ್ದು ಮಾಡಿದರೆ ಹಣ ಮರಳುವ ಬುಕಿಂಗನ್ನೇ ಆರಿಸಿ.