ಮಣಿಕಟ್ಟು ಮತ್ತು ನೆತ್ತಿ
ಶಿರಸಿಯ ಮದುವೆಮನೆಯ ಪಂಕ್ತಿಯಲ್ಲಿ ಎದುರು ಕುಳಿತಿದ್ದ ಸೋದರಮಾವ ತಂಬುಳಿಗೆ ಬಲ ಅಂಗೈ ಒಡ್ಡುವಾಗಲೂ ಎಡಗೈಯನ್ನು ತೊಡೆಯ ಮೇಲೆ ಜೋಪಾನವಾಗಿ ಇರಿಸಿಕೊಂಡಿದ್ದರು. ಅಲ್ಲಿ ಹೊಸ ರೋಲೆಕ್ಸ್ ಗಡಿಯಾರ ಹೊಳೆಯುತ್ತಿತ್ತು, ಮೇಲೆ ನೆತ್ತಿಯೂ ಅಷ್ಟೇ ಹೊಳೆಯುತ್ತಿತ್ತು. ದುಬಾರಿ ಗಡಿಯಾರ ಕಟ್ಟಿದವರಲ್ಲಿ ಬೋಳುತಲೆಯವರೇ ಹೆಚ್ಚಾಗಿ ಕಾಣುವುದೇಕೆ ಎಂಬ ಪ್ರಶ್ನೆ ನನ್ನಲ್ಲಿ ಎದ್ದಿತು. ದಟ್ಟ ಕ್ರಾಪಿನ ದಿನಗಳಲ್ಲಿ ಅವರ ಕೈಯಲ್ಲಿದ್ದದ್ದು ಅಜ್ಜ ಕೊಟ್ಟಿದ್ದ, ದಿನವೂ ಕೀಲಿ ಕೊಡಬೇಕಾದ ಎಚ್‌ಎಂಟಿ. ತೋಟದ ಸಾಲ ತೀರಿ, ಮಕ್ಕಳ ಓದು ಮುಗಿದು, ಲಕ್ಷಗಟ್ಟಲೆ ಬೆಲೆಯ ಗಡಿಯಾರ ಕೊಳ್ಳುವ ಶಕ್ತಿ ಬರುವಷ್ಟರಲ್ಲಿ, ಡೈಹೈಡ್ರೋಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ವಂಶವಾಹಿಯ ನೆರವಿನಿಂದ ಕೂದಲಿನ ಬುಡಗಳನ್ನು ವರ್ಷವರ್ಷವೂ ಕುಗ್ಗಿಸಿ ತನ್ನ ಕೆಲಸ ಮುಗಿಸಿರುತ್ತದೆ. ಗಡಿಯಾರಕ್ಕೂ ಬೋಳುತಲೆಗೂ ನಂಟು ಬೆಸೆಯುವುದು ವಯಸ್ಸೇ ಎಂದು ನನಗೆ ಖಚಿತವಾಯಿತು. ಕೈತೊಳೆದು ಬಂದ ಮಾವ ಅದನ್ನು ಬಿಚ್ಚಿ ನನ್ನ ಕಿವಿಗೆ ಹಿಡಿದರು. ಗಂಟೆಗೆ 28,800 ಬಾರಿ, ಅಂದರೆ ಸೆಕೆಂಡಿಗೆ ಎಂಟು ಸಲ ಮಿಡಿಯುವ ಆ ಸಣ್ಣ ಸದ್ದನ್ನು ಕೇಳುತ್ತ ಇಬ್ಬರೂ ಬಹಳ ಹೊತ್ತು ನಿಂತಿದ್ದೆವು.