ಗ್ರಾಫಿಕ್ಸ್ ನಿಧಾನವೇ? ಯಾರು ಯಾರಿಗೆ ಕಾಯುತ್ತಿದ್ದಾರೆ ಅಂತ ಮೊದಲು ನೋಡಿ

ಗೇಮ್ ಆಡುವಾಗ ಚಿತ್ರ ತಡವರಿಸುತ್ತದೆ, ಎಡಿಟಿಂಗ್ ಟೈಮ್‌ಲೈನ್ ಎಳೆದ ಕಡೆಗೆ ಬರುವುದಿಲ್ಲ, ಬ್ರೌಸರ್‌ನಲ್ಲಿ 4ಕೆ ವಿಡಿಯೊ ಮುಗ್ಗರಿಸುತ್ತದೆ. ಇಷ್ಟಾದ ಕೂಡಲೇ ಎಲ್ಲರೂ ದೂರುವುದು ಗ್ರಾಫಿಕ್ಸ್ ಕಾರ್ಡನ್ನು. ಪಾಪ, ಎಷ್ಟೋ ಸಲ ಅದು ಕೆಲಸ ಸಿಗದೆ ಸುಮ್ಮನೆ ಕೂತಿರುತ್ತದೆ. ತೆರೆಯ ಮೇಲೆ ಒಂದು ಫ್ರೇಮ್ ಮೂಡಬೇಕಾದರೆ ಪ್ರೊಸೆಸರ್ ಲೆಕ್ಕ ಹಾಕಿ ಕೆಲಸ ಒಪ್ಪಿಸಬೇಕು, ರ‍್ಯಾಮ್ ಮಾಹಿತಿ ಒದಗಿಸಬೇಕು, ಕಾರ್ಡ್ ಚಿತ್ರ ಬಿಡಿಸಬೇಕು, ಕೇಬಲ್ ಅದನ್ನು ಮಾನಿಟರ್‌ಗೆ ಮುಟ್ಟಿಸಬೇಕು. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಇವರಲ್ಲಿ ಒಬ್ಬೊಬ್ಬರೂ ತಮ್ಮ ಪಾಲಿನ ಕೆಲಸವನ್ನು 16.7 ಮಿಲಿಸೆಕೆಂಡಿನೊಳಗೆ ಮುಗಿಸಬೇಕು. 144 ಬೇಕೆಂದರೆ 6.9ರೊಳಗೆ. ಒಬ್ಬ ತಡ ಮಾಡಿದರೂ ಉಳಿದವರೆಲ್ಲ ಕಾಯುತ್ತಾರೆ. ಆ ಒಬ್ಬ ಯಾರು ಅಂತ ಗೊತ್ತಾಗುವ ತನಕ ಏನನ್ನೂ ಕೊಳ್ಳಬೇಡಿ, ಏನನ್ನೂ ಬದಲಿಸಬೇಡಿ.

ಮೊದಲು ಕ್ಯಾಬಿನೆಟ್‌ನ ಹಿಂಬದಿಗೆ ಹೋಗಿ. ಯುಎಸ್‌ಬಿ, ಆಡಿಯೊ, ನೆಟ್‌ವರ್ಕ್ ಸಾಕೆಟ್‌ಗಳ ಗುಂಪಿನಲ್ಲೇ ಒಂದು ಎಚ್‌ಡಿಎಂಐ ಇರುತ್ತದಲ್ಲ, ಅದು ಮದರ್‌ಬೋರ್ಡಿನದು. ಅದಕ್ಕಿಂತ ಕೆಳಗೆ ಅಡ್ಡಸಾಲಿನಲ್ಲಿ ಮೂರೋ ನಾಲ್ಕೋ ಪೋರ್ಟ್ ಇರುವುದು ಕಾರ್ಡಿನದು. ಮಾನಿಟರ್ ಕೇಬಲ್ ಮೇಲಿನದಕ್ಕೆ ಸಿಕ್ಕಿಸಿದ್ದರೆ ಗೇಮ್ ಪ್ರೊಸೆಸರ್‌ನೊಳಗಿನ ಪುಟ್ಟ ಗ್ರಾಫಿಕ್ಸ್‌ನಲ್ಲಿ ಓಡುತ್ತಿರಬಹುದು. ವಿಂಡೋಸ್ ತಾನಾಗಿ ಕಾರ್ಡನ್ನೇ ಆರಿಸಿಕೊಂಡರೂ ತಯಾರಾದ ಪ್ರತಿ ಫ್ರೇಮನ್ನೂ ಅಲ್ಲಿಂದ ಇಲ್ಲಿಗೆ ನಕಲು ಮಾಡುವ ಹೊರೆ ತಪ್ಪದು. ಮನೆ ಬದಲಿಸಿದಾಗ, ಟೇಬಲ್ ಸರಿಸಿದಾಗ, ಸರ್ವಿಸ್‌ಗೆ ಕೊಟ್ಟು ತಂದಾಗ ಈ ತಪ್ಪು ಆಗುವುದು ಬಹಳ ಸಾಮಾನ್ಯ.

ಕೇಬಲ್ ಸರಿಯಾದ ಕಡೆ ಇದ್ದರೆ ರಿಫ್ರೆಶ್ ರೇಟ್, ಅಂದರೆ ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅಂತ ನೋಡಿ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ. 144 ಹರ್ಟ್ಸ್ ಮಾನಿಟರ್ ತಂದು ವರ್ಷಗಟ್ಟಲೆ 60ರಲ್ಲೇ ಓಡಿಸುವವರಿದ್ದಾರೆ, ಏಕೆಂದರೆ ವಿಂಡೋಸ್ ಪ್ರತಿ ಸಲವೂ ತಾನಾಗಿ ಏರಿಸುವುದಿಲ್ಲ. ಗೇಮ್ ಇರಲಿ, ಖಾಲಿ ಡೆಸ್ಕ್‌ಟಾಪ್‌ನಲ್ಲೇ ಮೌಸ್ ಬಾಣ ಬಿಟ್ಟುಬಿಟ್ಟು ಜಿಗಿದಂತೆ ಕಂಡರೆ 30 ಹರ್ಟ್ಸ್ ಮೇಲೆ ಅನುಮಾನ ಪಡಿ. ಎಚ್‌ಡಿಎಂಐ 1.4ರಲ್ಲಿ 4ಕೆ ಚಿತ್ರ 30 ಹರ್ಟ್ಸ್ ಆಸುಪಾಸಿಗೇ ನಿಲ್ಲುತ್ತದೆ. 60 ಬೇಕೆಂದರೆ ಕಾರ್ಡ್, ಕೇಬಲ್, ಮಾನಿಟರ್ ಮೂರೂ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಮಟ್ಟದವಾಗಿರಬೇಕು.

ಈಗ ಅಸಲಿ ಪರೀಕ್ಷೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಟ್ಯಾಬ್‌ಗೆ ಹೋಗಿ. ಗೇಮನ್ನು ವಿಂಡೋ ಮೋಡ್‌ನಲ್ಲಿ ಓಡಿಸಿ, ಎಲ್ಲಿ ತಡವರಿಸುತ್ತದೋ ಅದೇ ಜಾಗದಲ್ಲಿ ನಿಂತು ಅಂಕಿಗಳನ್ನು ಓದಿ. ಜಿಪಿಯು, ಅಂದರೆ ಗ್ರಾಫಿಕ್ಸ್ ಕಾರ್ಡಿನ ಚಿಪ್, ಅದರ ಬಳಕೆ 95ರಿಂದ 99 ಪ್ರತಿಶತ ಇದ್ದರೆ ಕಾರ್ಡ್ ಕೈಲಾದಷ್ಟೂ ದುಡಿಯುತ್ತಿದೆ, ಉಳಿದವರು ಅದಕ್ಕೆ ಕಾಯುತ್ತಿದ್ದಾರೆ. 50ರಲ್ಲೋ 60ರಲ್ಲೋ ತೂಗಾಡುತ್ತಿದ್ದರೆ, ಫ್ರೇಮ್ ಮಿತಿಯನ್ನೂ ನೀವು ಹಾಕಿಲ್ಲದಿದ್ದರೆ, ಕಾರ್ಡ್‌ಗೆ ಕೆಲಸ ತಲುಪುತ್ತಿಲ್ಲ.

ಇಲ್ಲೇ ಬಹಳ ಜನ ಎಡವುತ್ತಾರೆ. ಸಿಪಿಯು 30 ಪ್ರತಿಶತ ಅಂತ ಇದೆ, ಹಾಗಾದರೆ ಪ್ರೊಸೆಸರ್ ಆರಾಮಾಗಿದೆ ಅಂದುಕೊಳ್ಳುತ್ತಾರೆ. ಆ ಅಂಕಿ ಪ್ರೊಸೆಸರ್ ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲುಗಳಾದ ಎಲ್ಲ ಥ್ರೆಡ್‌ಗಳ ಸರಾಸರಿ. 8 ಕೋರ್, 16 ಥ್ರೆಡ್‌ನ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಉಸಿರುಗಟ್ಟಿ ದುಡಿದರೂ ಅದು ಒಟ್ಟು ಲೆಕ್ಕಕ್ಕೆ ಸೇರಿಸುವುದು ಸುಮಾರು 6 ಪ್ರತಿಶತ ಮಾತ್ರ. ಗೇಮ್‌ನ ಮುಖ್ಯ ಕೆಲಸವೆಲ್ಲ ಅದೊಂದೇ ಥ್ರೆಡ್ ಮೇಲೆ ಬಿದ್ದಿರುವುದು ಅಪರೂಪವೇನಲ್ಲ. ಸಿಪಿಯು ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ಸ್ ಆಯ್ದುಕೊಂಡರೆ ಒಂದೊಂದೂ ಬೇರೆ ಬೇರೆ ಚೌಕದಲ್ಲಿ ಕಾಣುತ್ತದೆ. ಎಲ್ಲ ಚೌಕ ತಗ್ಗಿನಲ್ಲಿದ್ದು ಒಂದೋ ಎರಡೋ ಮಾತ್ರ ಮೇಲಂಚಿಗೆ ಅಂಟಿಕೊಂಡಿದ್ದರೆ ಉತ್ತರ ಸಿಕ್ಕಿತು.

ಅನುಮಾನ ಉಳಿದರೆ ರೆಸಲ್ಯೂಶನ್ ಇಳಿಸಿ ನೋಡಿ. 1080ಪಿ ಎಂದರೆ ಸುಮಾರು 20.7 ಲಕ್ಷ ಪಿಕ್ಸೆಲ್. 720ಪಿ ಎಂದರೆ 9.2 ಲಕ್ಷ. ಕಾರ್ಡಿನ ಹೊರೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಪ್ರೊಸೆಸರ್ ಹೊರೆ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಫ್ರೇಮ್ ಸಂಖ್ಯೆ ಜಿಗಿದರೆ ತಡ ಕಾರ್ಡಿನದು. ಒಂದಿಂಚೂ ಅಲುಗದಿದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್‌ನದು. ಎರಡೇ ನಿಮಿಷದ ಈ ಪರೀಕ್ಷೆ ಎಷ್ಟೋ ಅನಗತ್ಯ ಖರ್ಚನ್ನು ತಪ್ಪಿಸುತ್ತದೆ.

ಟಾಸ್ಕ್ ಮ್ಯಾನೇಜರ್‌ನ ಜಿಪಿಯು ಪುಟದ ಕೆಳಗೆ ಡೆಡಿಕೇಟೆಡ್ ಜಿಪಿಯು ಮೆಮೊರಿ, ಶೇರ್ಡ್ ಜಿಪಿಯು ಮೆಮೊರಿ ಅಂತ ಎರಡು ಸಾಲಿವೆ. ಮೊದಲನೆಯದು ಕಾರ್ಡಿನ ಸ್ವಂತ ಮೆಮೊರಿ. ಅದು ತುಂಬಿ ಎರಡನೆಯದು ಏರತೊಡಗಿದರೆ ಉಕ್ಕಿ ಹೊರಬಿದ್ದ ಭಾಗ ಮದರ್‌ಬೋರ್ಡಿನ ರ‍್ಯಾಮ್‌ಗೆ ಹೋಗಿದೆ ಎಂದರ್ಥ. ಆರ್‌ಟಿಎಕ್ಸ್ 3060ರ 12 ಜಿಬಿ ಮಾದರಿ ತನ್ನ ಮೆಮೊರಿಯಿಂದ ಸೆಕೆಂಡಿಗೆ 360 ಜಿಬಿ ಓದಬಲ್ಲದು, ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಪಿಸಿಐಇ 3.0 ಎಂಬ ದಾರಿಯ 16 ಲೇನ್‌ಗಳಲ್ಲಿ ಬರುವುದು ಹೆಚ್ಚೆಂದರೆ 16 ಜಿಬಿ. ಸರಾಸರಿ ಫ್ರೇಮ್ ಸಂಖ್ಯೆ ಚೆನ್ನಾಗಿದ್ದೂ ತಿರುವು ತೆಗೆದುಕೊಂಡಾಗಲೆಲ್ಲ ಗಕ್ಕನೆ ನಿಂತು ಮುಂದೆ ಹೋಗುವ ಕಾಯಿಲೆಗೆ ಹೆಚ್ಚಾಗಿ ಇದೇ ಮೂಲ. ಮದ್ದು ಸುಲಭ: ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ. ಮೆಮೊರಿ ತುಂಬಿರದಿದ್ದರೆ ಅದನ್ನು ಇಳಿಸಿ ಪ್ರಯೋಜನವಿಲ್ಲ, ಚಿತ್ರ ಮಂಕಾಗುತ್ತದೆ ಅಷ್ಟೆ.

ಶುರುವಿನಲ್ಲಿ ಚೆನ್ನಾಗಿ ಓಡಿ ಹತ್ತು ಹದಿನೈದು ನಿಮಿಷಕ್ಕೆ ಸೊರಗುವ ಗಣಕಕ್ಕೆ ಬಿಸಿಯ ತೊಂದರೆ. ಇದು ವಿವರವಾಗಿ ಹೇಳಬೇಕಾದ ವಿಷಯ. ಕಾರ್ಡ್ ಬಿಸಿಯೇರಿದಾಗ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಎನ್ವಿಡಿಯಾದ ಅನೇಕ ಕಾರ್ಡ್‌ಗಳಲ್ಲಿ ಇದು 83 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಶುರುವಾಗುತ್ತದೆ. ಪ್ರೊಸೆಸರ್‌ಗಳು ಸಾಮಾನ್ಯವಾಗಿ 95ರಿಂದ 100ರ ತನಕ ತಡೆಯುತ್ತವೆ. ಎಚ್‌ಡಬ್ಲ್ಯುಇನ್ಫೋದಂಥ ತಂತ್ರಾಂಶದಲ್ಲಿ ಉಷ್ಣತೆ ಮತ್ತು ಕ್ಲಾಕ್ (ಚಿಪ್ ಓಡುವ ವೇಗ) ಎರಡನ್ನೂ ಒಟ್ಟಿಗೆ ನೋಡಿ. ಉಷ್ಣತೆ ಮಿತಿಗೆ ಬಂದು ನಿಂತು ಕ್ಲಾಕ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದಿಟ್ಟು ಅದೇ ಗೇಮ್ ಕಾಲುಗಂಟೆ ಓಡಿಸಿ. ಉಷ್ಣತೆ ಧಾರಾಳವಾಗಿ ಇಳಿದರೆ ಕಾರ್ಡಿನ ಕೂಲರ್ ಸರಿಯಿದೆ, ಒಳಗೆ ಗಾಳಿ ಓಡಾಡುತ್ತಿಲ್ಲ ಎಂದರ್ಥ. ಇಳಿಯದಿದ್ದರೆ ಕೂಲರ್‌ನಲ್ಲೇ ಧೂಳು ಕಟ್ಟಿದೆ, ಇಲ್ಲವೇ ಚಿಪ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದೆ.

ಧೂಳು ತೆಗೆಯುವಾಗ ಪವರ್ ಕೇಬಲ್ ಕಿತ್ತು, ಪವರ್ ಬಟನ್ ಒಂದೈದು ಸೆಕೆಂಡ್ ಒತ್ತಿ ಉಳಿದ ಕರೆಂಟ್ ಇಳಿಸಿ. ಕಾರ್ಡ್ ಬಿಚ್ಚುವಾಗ ಸ್ಕ್ರೂ ತೆಗೆದ ಮೇಲೆ ಸ್ಲಾಟಿನ ತುದಿಯಲ್ಲಿರುವ ಪ್ಲಾಸ್ಟಿಕ್ ಕೊಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ಅದನ್ನು ಮರೆತು ಎಳೆದರೆ ಸ್ಲಾಟೇ ಮುರಿಯುತ್ತದೆ. ಗಾಳಿ ಊದುವಾಗ ಫ್ಯಾನ್ ರೆಕ್ಕೆಯನ್ನು ಒಂದು ಬೆರಳಲ್ಲಿ ತಡೆದು ಹಿಡಿಯಿರಿ. ಬ್ಲೋವರ್ ರಭಸಕ್ಕೆ ಅದು ಗಿರ್ರನೆ ತಿರುಗಿದರೆ ಬೇರಿಂಗ್ ಸವೆಯುತ್ತದೆ. ಫ್ಯಾನಿನ ಹಿಂದೆ ಅಲ್ಯೂಮಿನಿಯಂ ಪಟ್ಟಿಗಳ ಸಂದಿಗೆ ಟಾರ್ಚ್ ಬಿಟ್ಟು ನೋಡಿ: ಹೊರಗಿನಿಂದ ಶುಭ್ರವಾಗಿ ಕಂಡರೂ ಒಳಗೆ ಬೂದು ಬಣ್ಣದ, ಕಂಬಳಿ ಚೂರಿನಂಥ ಪದರ ಕೂತಿರುತ್ತದೆ. ಗಾಳಿಯ ದಾರಿ ಮುಚ್ಚುವುದು ಅದೇ.

ಪ್ರೊಸೆಸರ್‌ನ ಪೇಸ್ಟ್ ಬದಲಿಸುವುದಾದರೆ ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸದನ್ನು ಇಟ್ಟರೆ ಸಾಕು. ಕೂಲರ್‌ನ ಒತ್ತಡಕ್ಕೆ ತಾನೇ ಹರಡುತ್ತದೆ. ಎಎಮ್4 ಸಾಕೆಟ್‌ನ ರೈಜನ್ ಇದ್ದರೆ ಇನ್ನೊಂದು ಎಚ್ಚರಿಕೆ: ಗಣಕವನ್ನು ಸ್ವಲ್ಪ ಹೊತ್ತು ಓಡಿಸಿ ಪೇಸ್ಟ್ ಮೆದುವಾದ ಮೇಲೆ ಆಫ್ ಮಾಡಿ, ಕೂಲರನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸಿ ಬಿಡಿಸಿ. ನೇರ ಮೇಲಕ್ಕೆ ಎಳೆದರೆ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡೇ ಸಾಕೆಟ್‌ನಿಂದ ಕಿತ್ತುಬಂದು ಪಿನ್ ಬಾಗುತ್ತವೆ. ಗ್ರಾಫಿಕ್ಸ್ ಕಾರ್ಡಿನ ಕೂಲರ್ ಬಿಚ್ಚುವುದಕ್ಕೆ ಮಾತ್ರ ಅನುಭವ ಬೇಕು. ಅದರ ಮೆಮೊರಿ ಚಿಪ್‌ಗಳ ಮೇಲಿನ ಥರ್ಮಲ್ ಪ್ಯಾಡ್‌ಗಳ ದಪ್ಪ ಒಂದೊಂದು ಕಡೆ ಒಂದೊಂದು ಥರ ಇರಬಹುದು, ದಪ್ಪ ತಪ್ಪಿದರೆ ಚಿಪ್ ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ.

ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ನಲ್ಲೇ ಕೆಲಸ ನಡೆಸುವವರು ಕಣ್ಣಿಡಬೇಕಾದದ್ದು ರ‍್ಯಾಮ್ ಮೇಲೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲ, ಗಣಕದ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಡಿಡಿಆರ್4 3200ರ ಒಂದೇ ಸ್ಟಿಕ್ ಇದ್ದರೆ ಸೆಕೆಂಡಿಗೆ 25.6 ಜಿಬಿ, ಜೋಡಿ ಸ್ಟಿಕ್ ಸರಿಯಾದ ಸ್ಲಾಟ್‌ನಲ್ಲಿದ್ದರೆ 51.2. ಒಂದು 16 ಜಿಬಿಗಿಂತ ಎರಡು 8 ಜಿಬಿ ಇಲ್ಲಿ ಎಷ್ಟೋ ಮೇಲು. ನಾಲ್ಕು ಸ್ಲಾಟ್‌ನ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು ಜೋಡಿ. ಪಕ್ಕಪಕ್ಕದ ಎರಡಕ್ಕೆ ಸಿಕ್ಕಿಸಿದರೆ ಹೆಚ್ಚಿನ ಬೋರ್ಡ್‌ಗಳಲ್ಲಿ ಎರಡೂ ಒಂದೇ ಚಾನೆಲ್‌ಗೆ ಬಿದ್ದು ಒಂಟಿ ಸ್ಟಿಕ್‌ನ ವೇಗವೇ ಗತಿ.

ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗವೂ ಇದೆ. 3200 ಅಂತ ಬರೆದ ಸ್ಟಿಕ್ 2133 ಅಥವಾ 2666 ತೋರಿಸಿದರೆ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್ ಪುಟ) ರ‍್ಯಾಮನ್ನು ಬರೆದ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಆಗಿಲ್ಲ. ಎಎಂಡಿಯ ಡಿಡಿಆರ್5 ಬೋರ್ಡ್‌ಗಳಲ್ಲಿ ಅದರ ಹೆಸರು ಎಕ್ಸ್‌ಪೊ. ಹಿಂದೆ ಆನ್ ಮಾಡಿದ ನೆನಪಿದ್ದರೂ ಮತ್ತೆ ನೋಡಿ. ಬಯಾಸ್ ಅಪ್‌ಡೇಟ್ ಆದಾಗ ಇದು ಅಳಿಸಿಹೋಗಬಹುದು. ಬೋರ್ಡಿನ ಮೇಲಿನ ಸಿಆರ್2032 ಬಟನ್ ಬ್ಯಾಟರಿ ಸತ್ತರೂ ಅಷ್ಟೆ. ಪ್ಲಗ್ ಕಿತ್ತು ಹಾಕಿದಾಗಲೆಲ್ಲ ಗಡಿಯಾರ ಹಳೆಯ ದಿನಾಂಕಕ್ಕೆ ಹೋಗುತ್ತಿದ್ದರೆ ಬ್ಯಾಟರಿಯೇ ಕಾರಣ, ಅದನ್ನು ಬದಲಿಸದೆ ಸೆಟ್ಟಿಂಗ್ ಉಳಿಯದು.

ಕಾರ್ಡ್ ಕೂತ ಸ್ಲಾಟ್ ಕೂಡ ಮುಖ್ಯ. ಮೇಲಿನ ಉದ್ದ ಸ್ಲಾಟ್‌ಗೆ 16 ಲೇನ್. ಕೆಳಗಿನದು ನೋಡಲು ಅಷ್ಟೇ ಉದ್ದವಿದ್ದರೂ ಎಷ್ಟೋ ಬೋರ್ಡ್‌ಗಳಲ್ಲಿ ಒಳಗೆ 4 ಲೇನ್ ಮಾತ್ರ. ಜಿಪಿಯು ಝಡ್ ತಂತ್ರಾಂಶದ ಬಸ್ ಇಂಟರ್‌ಫೇಸ್ ಸಾಲಿನಲ್ಲಿ ಇದು ಕಾಣುತ್ತದೆ. ಕಾರ್ಡ್ ಬಿಡುವಿನಲ್ಲಿದ್ದಾಗ ವಿದ್ಯುತ್ ಉಳಿಸಲು ಪಿಸಿಐಇ 1.1ಕ್ಕೆ ಇಳಿದಿರುತ್ತದೆ, ಅದನ್ನು ಕಂಡು ಗಾಬರಿ ಬೇಡ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಪರೀಕ್ಷೆ ಓಡಿಸಿ, ಆಗ ಬರುವ ಅಂಕಿ ನಿಜವಾದದ್ದು. 2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ಕೆಲವು ಕಾರ್ಡ್‌ಗಳಿಗೆ ಹುಟ್ಟಿನಿಂದಲೇ 4 ಲೇನ್. ಪಿಸಿಐಇ 3.0ರ ಹಳೆಯ ಬೋರ್ಡಿಗೆ ಹಾಕಿದರೆ ಆ ಇಕ್ಕಟ್ಟಿನ ದಾರಿ ಇನ್ನೂ ಅರ್ಧಕ್ಕಿಳಿಯುತ್ತದೆ, 4 ಜಿಬಿ ಮೆಮೊರಿ ತುಂಬಿದಾಗ ಅದರ ಪೆಟ್ಟು ಜೋರು.

ಗೇಮ್ ಜೋರಾದ ಕ್ಷಣದಲ್ಲೇ ಗಣಕ ಪಟ್ಟನೆ ಆಫ್ ಆಗಿ ತಾನೇ ಮತ್ತೆ ಆನ್ ಆದರೆ ಪವರ್ ಸಪ್ಲೈ ಕಡೆ ತಿರುಗಿ. ಸ್ಲಾಟ್ ಕೊಡುವುದು 75 ವ್ಯಾಟ್, 6 ಪಿನ್ ಕನೆಕ್ಟರ್ 75, 8 ಪಿನ್ 150. ಎರಡು 8 ಪಿನ್ ಬೇಡುವ ಕಾರ್ಡಿಗೆ ಒಂದೇ ಕೇಬಲ್‌ನ ಎರಡು ತಲೆ ಸಿಕ್ಕಿಸುವ ಬದಲು ಎರಡು ಬೇರೆ ಕೇಬಲ್ ಎಳೆಯಿರಿ.

ಕಾರ್ಡನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶವಾದ ಡ್ರೈವರ್ ವಿಷಯಕ್ಕೆ ಬಂದರೆ, ಡಿವೈಸ್ ಮ್ಯಾನೇಜರ್‌ನ ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂಬ ಹೆಸರಿದ್ದರೆ ಕಾರ್ಡಿನ ಡ್ರೈವರ್ ಓಡುತ್ತಲೇ ಇಲ್ಲ, ಚಿತ್ರವನ್ನೆಲ್ಲ ಪ್ರೊಸೆಸರ್ ಬಿಡಿಸುತ್ತಿದೆ. ಲಿನಕ್ಸ್‌ನಲ್ಲಿ ಇದೇ ಪರಿಸ್ಥಿತಿ ಎಲ್‌ಎಲ್‌ವಿಎಂಪೈಪ್ ಎಂಬ ಹೆಸರಿನಲ್ಲಿ ಕಾಣುತ್ತದೆ. ಕಾರ್ಡ್ ಕಂಪನಿ ಬದಲಾಗಿದ್ದರೆ, ಅಥವಾ ಅಪ್‌ಡೇಟ್ ಆದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ಪೂರ್ತಿ ತೊಳೆದು ಹಾಕುವುದೇ ಒಳ್ಳೆಯದು. ಬೇಕಾದ ಡ್ರೈವರನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ಇಂಟರ್‌ನೆಟ್ ಕಿತ್ತುಬಿಡಿ, ಸೇಫ್ ಮೋಡ್‌ಗೆ ಹೋಗಿ ಹಳೆಯ ಡ್ರೈವರನ್ನು ಪೂರ್ತಿ ಅಳಿಸುವ ಡಿಡಿಯು ತಂತ್ರಾಂಶ ಓಡಿಸಿ, ರೀಸ್ಟಾರ್ಟ್ ಆದ ಮೇಲೆ ಹೊಸದನ್ನು ಹಾಕಿ. ಇಂಟರ್‌ನೆಟ್ ಕೀಳದಿದ್ದರೆ ನಡುವಿನಲ್ಲಿ ವಿಂಡೋಸ್ ಅಪ್‌ಡೇಟ್ ತನ್ನದೊಂದು ಡ್ರೈವರ್ ತಂದು ಕೂರಿಸುತ್ತದೆ, ಮಾಡಿದ ಕೆಲಸ ನೀರಿನಲ್ಲಿ ಹೋಮ.

ಏನೂ ತೆರೆಯದೆ ಸುಮ್ಮನಿದ್ದಾಗಲೂ ಜಿಪಿಯು 40, 50 ಪ್ರತಿಶತ ತೋರಿಸಿದರೆ ಪ್ರೊಸೆಸಸ್ ಪುಟದಲ್ಲಿ ಜಿಪಿಯು ಕಾಲಮ್ ತಲೆಯ ಮೇಲೆ ಕ್ಲಿಕ್ ಮಾಡಿ ಹೆಚ್ಚು ತಿನ್ನುವವರನ್ನು ಮೇಲಕ್ಕೆ ತನ್ನಿ. ಅಲುಗಾಡುವ ವಾಲ್‌ಪೇಪರ್, ಹಿನ್ನೆಲೆಯ ರೆಕಾರ್ಡಿಂಗ್ ಸಿಕ್ಕರೆ ನಿಲ್ಲಿಸಿ. ಗುರುತೇ ಇಲ್ಲದ ಹೆಸರು ಸಿಕ್ಕರೆ ಕ್ರಿಪ್ಟೊ ಮೈನರ್ ನುಸುಳಿರುವ ಸಾಧ್ಯತೆಯಿದೆ, ಮೊದಲು ಪೂರ್ತಿ ಸ್ಕ್ಯಾನ್ ಮಾಡಿ.

ಯೂಟ್ಯೂಬ್ ಮಾತ್ರ ಮುಗ್ಗರಿಸಿದರೆ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ತೆರೆಯಿರಿ. ಕೋಡೆಕ್ (ವಿಡಿಯೊವನ್ನು ಕುಗ್ಗಿಸುವ ವಿಧಾನ) ಸಾಲಿನಲ್ಲಿ ಎವಿ01 ಎಂದಿದ್ದು, ಟಾಸ್ಕ್ ಮ್ಯಾನೇಜರ್‌ನ ವಿಡಿಯೊ ಡೀಕೋಡ್ ಗ್ರಾಫ್ ಸೊನ್ನೆಯಲ್ಲಿ ಮಲಗಿದ್ದು, ಸಿಪಿಯು ಮಾತ್ರ ಏದುಸಿರು ಬಿಡುತ್ತಿದ್ದರೆ ನಿಮ್ಮ ಕಾರ್ಡಿಗೆ ಎವಿ1 ಬಿಡಿಸಲು ಬರುವುದಿಲ್ಲ. ಜಿಟಿಎಕ್ಸ್ 10 ಸರಣಿಗೆ ಬರುವುದಿಲ್ಲ, ಆರ್‌ಟಿಎಕ್ಸ್ 30 ಸರಣಿಗೆ ಬರುತ್ತದೆ. ಎಚ್.264 ವಿಡಿಯೊವನ್ನೇ ಕೇಳುವ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿಕೊಂಡರೆ ಹೊರೆ ಇಳಿಯುತ್ತದೆ, ಆದರೆ 1080ಪಿಗಿಂತ ಮೇಲಿನ ಗುಣಮಟ್ಟ ಬಿಡಬೇಕಾಗುತ್ತದೆ. ಯಾವ ಕೋಡೆಕ್‌ನಲ್ಲೂ ಆ ಗ್ರಾಫ್ ಅಲುಗದಿದ್ದರೆ ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ ಆಫ್ ಆಗಿರಬಹುದು.

ಇಷ್ಟೆಲ್ಲ ನೋಡಿಯೂ ಕಾರ್ಡ್ 99 ಪ್ರತಿಶತದಲ್ಲಿದೆ, ತಣ್ಣಗಿದೆ, ಕ್ಲಾಕ್ ಇಳಿದಿಲ್ಲ, ಮೆಮೊರಿ ತುಂಬಿಲ್ಲ ಎಂದಾದರೆ ಅದರ ಶಕ್ತಿಯೇ ಅಷ್ಟು. ಆಗ ಮೊದಲು ನೆರಳಿನ ಗುಣಮಟ್ಟ ಇಳಿಸಿ, ಬೆಳಕಿನ ಕಿರಣಗಳ ಲೆಕ್ಕ ಹಾಕುವ ರೇ ಟ್ರೇಸಿಂಗ್ ಆಫ್ ಮಾಡಿ, ಎಫ್‌ಎಸ್‌ಆರ್ ಅಥವಾ ಡಿಎಲ್‌ಎಸ್‌ಎಸ್ ಇದ್ದರೆ ಕ್ವಾಲಿಟಿ ಮೋಡ್ ಹಾಕಿ. 1080ಪಿಯಲ್ಲಿ ಅದು 720ಪಿ ಚಿತ್ರ ಬಿಡಿಸಿ ಹಿಗ್ಗಿಸಿ ಕೊಡುತ್ತದೆ. ಅದೂ ಸಾಲದೆ ಹೊಸ ಕಾರ್ಡ್ ತರುವುದೇ ಎಂದಾದರೆ ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಸ್ಲಾಟಿನ ಹಿಂಬದಿ ಪಟ್ಟಿಯಿಂದ ಮುಂದಿನ ಫ್ಯಾನ್ ತನಕ ಎಷ್ಟು ಮಿಲಿಮೀಟರ್ ಇದೆ ಅಳೆದು, ಪವರ್ ಸಪ್ಲೈನ ಚೀಟಿಯಲ್ಲಿರುವ ವ್ಯಾಟ್ ಮತ್ತು ಅದರಿಂದ ಬರುವ 8 ಪಿನ್ ಕೇಬಲ್‌ಗಳ ಲೆಕ್ಕ ಬರೆದಿಟ್ಟುಕೊಳ್ಳಿ.